ಮಣಿಕಟ್ಟಿನ ಮೇಲೆ ನಿದ್ರೆಯ ಲೆಕ್ಕ

ಒಂದೇ ತರಗತಿಯ ಇಬ್ಬರು ಹುಡುಗಿಯರನ್ನು ಕಲ್ಪಿಸಿಕೊಳ್ಳಿ. ಇಬ್ಬರಿಗೂ ಹದಿನಾರು ವರ್ಷ. ಒಬ್ಬಳು ನಸುಕಿನಲ್ಲೇ ಎದ್ದು ಈಜುಕೊಳಕ್ಕೆ ಹೋಗುತ್ತಾಳೆ. ಸಂಜೆ ಮತ್ತೆ ಅಭ್ಯಾಸ. ಇನ್ನೊಬ್ಬಳಿಗೆ ಆಟದ ಗೋಜೇ ಇಲ್ಲ. ಇವರಲ್ಲಿ ರಾತ್ರಿ ಹೆಚ್ಚು ಚೆನ್ನಾಗಿ ನಿದ್ರಿಸುವವಳು ಯಾರು? ‘ಈಜುವವಳೇ, ಅದರಲ್ಲೇನು ಅನುಮಾನ’ ಎಂದು ನೀವು ಹೇಳಬಹುದು. ಮೈ ದಣಿದರೆ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ ಎಂಬುದು ನಮ್ಮೆಲ್ಲರ ತಿಳಿವಳಿಕೆ.

ಆದರೆ ಈ ಸರಳ ಪ್ರಶ್ನೆಗೆ ವಿಜ್ಞಾನಿಗಳು ಕಂಡುಕೊಂಡ ಉತ್ತರಗಳು ಒಂದಕ್ಕೊಂದು ಹೊಂದುವುದಿಲ್ಲ. ಪ್ರಶ್ನಾವಳಿ ಕೊಟ್ಟು ಕೇಳಿದಾಗ ಒಂದು ಉತ್ತರ, ಕೈಗೆ ಪಟ್ಟಿ ಕಟ್ಟಿ ಅಳೆದಾಗ ಇನ್ನೊಂದು. ಏಕೆ ಹೀಗೆ? ಇದನ್ನು ತಿಳಿಯಲು ನಿದ್ರೆಯನ್ನು ಅಳೆಯುವ ಉಪಕರಣಗಳು ಹೇಗೆ ಬಂದವು ಎಂಬುದನ್ನು ಮೊದಲು ನೋಡಬೇಕು. ಅಳತೆಗೋಲು ಹೇಗೆ ತಯಾರಾಯಿತೆಂದು ತಿಳಿಯದೆ ಅಳತೆಯನ್ನು ನಂಬುವುದು ಸರಿಯಲ್ಲವಷ್ಟೆ.

ನಿದ್ರೆಯನ್ನು ಅಳೆಯುವುದು ಮೂಲತಃ ಕಷ್ಟದ ಕೆಲಸ. ನಿದ್ರಿಸುವವನಿಗೆ ತಾನು ಯಾವ ಕ್ಷಣದಲ್ಲಿ ನಿದ್ರೆಗೆ ಜಾರಿದೆನೆಂದು ಗೊತ್ತಿರುವುದಿಲ್ಲ. ಆದ್ದರಿಂದ ಆರಂಭದ ಸಂಶೋಧಕರು ಹೊರಗಿನಿಂದ ಕಾಣುವುದನ್ನು, ಎಂದರೆ ಮೈಯ ಅಲುಗಾಟವನ್ನು, ಅಳೆಯಲು ಹೊರಟರು. ಅಮೆರಿಕದ ಪಿಟ್ಸ್‌ಬರ್ಗ್‌ನ ಮೆಲನ್ ಸಂಸ್ಥೆಯಲ್ಲಿ ಎಚ್. ಎಂ. ಜಾನ್ಸನ್ ಮತ್ತು ಸಂಗಡಿಗರು ಮಲಗಿದವರ ಚಲನೆಯನ್ನು ರಾತ್ರಿಯಿಡೀ ದಾಖಲಿಸಿ 1930ರಲ್ಲಿ ಫಲಿತಾಂಶ ಪ್ರಕಟಿಸಿದರು. ಆರೋಗ್ಯವಂತನೊಬ್ಬ ಒಂದು ರಾತ್ರಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಬಾರಿ ಮಗ್ಗುಲು ಬದಲಿಸುತ್ತಾನೆ ಎಂಬುದು ಅವರ ಪತ್ತೆ. ಮರದ ದಿಮ್ಮಿಯಂತೆ ಬಿದ್ದುಕೊಂಡೆ ಎಂದು ಹೇಳುವವನೂ ಇದಕ್ಕೆ ಹೊರತಲ್ಲ. ಈ ಸಂಶೋಧನೆಗೆ ಹಣ ಕೊಟ್ಟದ್ದು ಹಾಸಿಗೆ ತಯಾರಿಸುವ ಒಂದು ಕಂಪನಿ! ನಿದ್ರೆಯ ಅಧ್ಯಯನಕ್ಕೂ ಮಾರುಕಟ್ಟೆಗೂ ಇರುವ ನಂಟು ಇಂದು ನಿನ್ನೆಯದಲ್ಲ.

ಅಷ್ಟರಲ್ಲಿ ಜರ್ಮನಿಯ ಯೇನಾ ನಗರದಲ್ಲಿ ಹಾನ್ಸ್ ಬರ್ಗರ್ ಮಾನವ ಮಿದುಳಿನ ವಿದ್ಯುತ್ ಅಲೆಗಳನ್ನು 1924ರಲ್ಲಿ ಗುರುತಿಸಿ, 1929ರಲ್ಲಿ ಪ್ರಕಟಿಸಿದ್ದರು. ಇದೇ ಇಇಜಿ. ನಿದ್ರೆ ಗಾಢವಾದಂತೆ ಈ ಅಲೆಗಳ ಸ್ವರೂಪ ಬದಲಾಗುತ್ತದೆ ಎಂಬುದನ್ನು 1930ರ ದಶಕದಲ್ಲಿ ಆಲ್ಫ್ರೆಡ್ ಲೂಮಿಸ್ ತೋರಿಸಿದರು. 1953ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದ ಯೂಜೀನ್ ಅಸೆರಿನ್‌ಸ್ಕಿ ಮತ್ತು ಅವರ ಗುರು ನಥಾನಿಯಲ್ ಕ್ಲೈಟ್‌ಮನ್ ನಿದ್ರೆಯ ನಡುವೆ ಕಣ್ಣುಗುಡ್ಡೆಗಳು ಚುರುಕಾಗಿ ಓಡಾಡುವ ಹಂತವೊಂದನ್ನು ವರದಿ ಮಾಡಿದರು. ಇಂದು ನಾವು ರೆಮ್ ನಿದ್ರೆ ಎನ್ನುವುದು ಇದನ್ನೇ. ಅಸೆರಿನ್‌ಸ್ಕಿ ಮೂಲೆಗೆ ಸೇರಿದ್ದ ಹಳೆಯ ಯಂತ್ರವೊಂದನ್ನು ರಿಪೇರಿ ಮಾಡಿಕೊಂಡು ಕೆಲಸ ಆರಂಭಿಸಿದ್ದರು. ತಮ್ಮ ಎಂಟು ವರ್ಷದ ಮಗನ ತಲೆಗೇ ತಂತಿ ಅಂಟಿಸಿದ್ದರು. ಒಂದು ರಾತ್ರಿಯ ದಾಖಲೆಗೆ ಸುಮಾರು ಅರ್ಧ ಮೈಲಿ ಉದ್ದದ ಕಾಗದ ಬೇಕಾಗುತ್ತಿತ್ತು.

ಮಿದುಳಿನ ಅಲೆ, ಕಣ್ಣಿನ ಚಲನೆ, ಗಲ್ಲದ ಸ್ನಾಯುವಿನ ಬಿಗಿತ ಈ ಮೂರನ್ನೂ ಒಟ್ಟಿಗೆ ದಾಖಲಿಸುವ ವಿಧಾನಕ್ಕೆ ಪಾಲಿಸಾಮ್ನೋಗ್ರಫಿ ಎಂದು ಹೆಸರು. ಇದನ್ನು ಓದುವ ಏಕರೂಪದ ನಿಯಮಗಳನ್ನು 1968ರಲ್ಲಿ ರೆಕ್ಟ್‌ಷಾಫೆನ್ ಮತ್ತು ಕೇಲ್ಸ್ ಸಂಪಾದಿಸಿದ ಕೈಪಿಡಿ ಒದಗಿಸಿತು. ನಿದ್ರೆಯ ಅಳತೆಯಲ್ಲಿ ಚಿನ್ನದ ಒರೆಗಲ್ಲು ಇಂದಿಗೂ ಇದೇ. ಆದರೆ ತಲೆತುಂಬ ತಂತಿ ಅಂಟಿಸಿಕೊಂಡು ಪರಸ್ಥಳದ ಹಾಸಿಗೆಯಲ್ಲಿ ಮಲಗುವ ಹುಡುಗ ತನ್ನ ಮನೆಯಲ್ಲಿ ಮಲಗಿದಂತೆಯೇ ಮಲಗುತ್ತಾನೆಯೇ? ಒಂದೆರಡು ರಾತ್ರಿ ಸರಿ, ಎರಡು ವಾರ ಹೀಗೆ ಮಲಗು ಎಂದರೆ ಯಾರು ಒಪ್ಪುತ್ತಾರೆ?

ಒಪ್ಪಿಸಿದವರು ಇದ್ದಾರೆ. ಹದಿಹರೆಯದ ನಿದ್ರೆಯ ಬಗ್ಗೆ ನಮಗೆ ಗೊತ್ತಿರುವುದಕ್ಕೆ ತಳಪಾಯ ಹಾಕಿದ್ದು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ 1976ರಲ್ಲಿ ಆರಂಭವಾದ ಬೇಸಿಗೆಯ ‘ನಿದ್ರಾ ಶಿಬಿರ’. ವಿಲಿಯಂ ಡಿಮೆಂಟ್ ಅವರ ಮಾರ್ಗದರ್ಶನದಲ್ಲಿ ಮೇರಿ ಕಾರ್ಸ್‌ಕಡನ್ ಇದನ್ನು ನಡೆಸಿದರು. ಹತ್ತರಿಂದ ಹನ್ನೆರಡು ವರ್ಷದ ಮಕ್ಕಳು ಶಿಬಿರಕ್ಕೆ ಬಂದು, ಹಗಲು ಆಟವಾಡಿ, ರಾತ್ರಿ ತಲೆಗೆ ತಂತಿ ಅಂಟಿಸಿಕೊಂಡು ಮಲಗುತ್ತಿದ್ದರು. ಅದೇ ಮಕ್ಕಳು ಮುಂದಿನ ವರ್ಷಗಳಲ್ಲೂ ಮತ್ತೆ ಮತ್ತೆ ಬಂದರು. ರಾತ್ರಿ ಹತ್ತರಿಂದ ಬೆಳಿಗ್ಗೆ ಎಂಟರವರೆಗೆ, ಎಂದರೆ ಪೂರ್ತಿ ಹತ್ತು ಗಂಟೆ, ಹಾಸಿಗೆಯಲ್ಲಿರಲು ಅವಕಾಶ.

ಸಂಶೋಧಕರ ನಿರೀಕ್ಷೆ ಏನಿತ್ತು ಗೊತ್ತೇ? ಮಕ್ಕಳು ದೊಡ್ಡವರಾದಂತೆ ನಿದ್ರೆಯ ಅಗತ್ಯ ಕಡಿಮೆಯಾಗುತ್ತದೆ, ಹತ್ತು ವರ್ಷಕ್ಕೆ ಹತ್ತು ಗಂಟೆಯಾದರೆ ಹದಿನೆಂಟಕ್ಕೆ ಎಂಟು ಗಂಟೆ ಸಾಕು ಎಂಬುದು. ಹಾಗಾಗಲಿಲ್ಲ. ಅವಕಾಶ ಕೊಟ್ಟಾಗ ಎಲ್ಲ ವಯಸ್ಸಿನವರೂ ಸರಾಸರಿ ಒಂಬತ್ತೂ ಕಾಲು ಗಂಟೆಯಷ್ಟು ನಿದ್ರಿಸಿದರು. ಇನ್ನೂ ಅಚ್ಚರಿಯೆಂದರೆ, ಅಷ್ಟೇ ನಿದ್ರೆ ಮಾಡಿಯೂ ಪ್ರೌಢಾವಸ್ಥೆಗೆ ಕಾಲಿಟ್ಟವರು ಚಿಕ್ಕವರಿಗಿಂತ ಹಗಲಿನಲ್ಲಿ ಹೆಚ್ಚು ತೂಕಡಿಸುತ್ತಿದ್ದರು. ಹಗಲಿನಲ್ಲಿ ಎರಡೆರಡು ಗಂಟೆಗೊಮ್ಮೆ ಕತ್ತಲೆ ಕೋಣೆಯಲ್ಲಿ ಮಲಗಿಸಿ, ಎಷ್ಟು ನಿಮಿಷಕ್ಕೆ ನಿದ್ರೆ ಬಂತೆಂದು ಅಳೆದು ಇದನ್ನು ಕಂಡುಕೊಂಡರು. 1980ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ‘ಬೆಳೆದ ಹುಡುಗನಿಗೆ ಆರು ಗಂಟೆ ಸಾಲದೇ?’ ಎಂದು ಗದರುವ ಹಿರಿಯರಿಗೆ ತೋರಿಸಬೇಕಾದ ಪುರಾವೆ ಇದು. 2016ರಲ್ಲಿ ಅಮೆರಿಕದ ನಿದ್ರಾ ವೈದ್ಯರ ಅಕಾಡೆಮಿ 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ರೆ ಬೇಕೆಂದು ಶಿಫಾರಸು ಮಾಡಿತು.

ಆದರೆ ಶಿಬಿರ ಶಿಬಿರವೇ, ಮನೆ ಮನೆಯೇ. ಶಾಲೆ, ಮನೆಪಾಠ, ಆಟದ ಮೈದಾನ ಇವುಗಳ ನಡುವೆ ನಿಜವಾಗಿ ಎಷ್ಟು ನಿದ್ರೆ ಸಿಗುತ್ತಿದೆ ಎಂದು ತಿಳಿಯಲು ಮನೆಗೇ ಹೋಗಬಲ್ಲ ಉಪಕರಣ ಬೇಕಿತ್ತು. ಹಾಗೆಂದು ಸಂಶೋಧಕರು ಮತ್ತೆ ಹಳೆಯ ಉಪಾಯಕ್ಕೇ ಮರಳಿದರು: ಅಲುಗಾಟವನ್ನು ಅಳೆಯುವುದು. ಈ ಬಾರಿ ಹಾಸಿಗೆಯಲ್ಲಲ್ಲ, ಮಣಿಕಟ್ಟಿನ ಮೇಲೆ.

1970ರ ದಶಕದಲ್ಲಿ ಎಲೆಕ್ಟ್ರಾನಿಕ್ ಬಿಡಿಭಾಗಗಳು ಚಿಕ್ಕವಾದಂತೆ ಕೈಗಡಿಯಾರದಂತೆ ಕಟ್ಟಿಕೊಳ್ಳಬಹುದಾದ ಚಲನಮಾಪಕಗಳು ಸಾಧ್ಯವಾದವು. ಇವುಗಳಿಗೆ ಆಕ್ಟಿಗ್ರಾಫ್ ಎಂಬ ಹೆಸರು ನಿಂತಿತು. ಕ್ಯಾಲಿಫೋರ್ನಿಯದ ಸ್ಯಾನ್ ಡಿಯೇಗೊದಲ್ಲಿ ಡೇನಿಯಲ್ ಕ್ರಿಪ್ಕೆ ಮತ್ತು ಸಂಗಡಿಗರು 1978ರಲ್ಲಿ ಐವರ ಮೇಲೆ ಪರೀಕ್ಷಿಸಿ, ಮಣಿಕಟ್ಟಿನ ಲೆಕ್ಕ ಇಇಜಿ ಲೆಕ್ಕಕ್ಕೆ ಬಹಳ ಹತ್ತಿರವಿದೆ ಎಂದು ತೋರಿಸಿದರು. 1980ರಲ್ಲಿ ಮುಲ್ಲೇನಿ ಮತ್ತು ಕ್ರಿಪ್ಕೆ 102 ದಾಖಲೆಗಳನ್ನು ಹೋಲಿಸಿದಾಗ ನಿಮಿಷ ನಿಮಿಷದ ಲೆಕ್ಕದಲ್ಲಿ ಶೇಕಡಾ 94.5ರಷ್ಟು ಹೊಂದಾಣಿಕೆ ಕಂಡುಬಂತು.

ಇದು ಕೆಲಸ ಮಾಡುವ ಬಗೆ ಸರಳ. ಕೈ ಅಲುಗಿದಾಗಲೆಲ್ಲ ಉಪಕರಣ ಎಣಿಸುತ್ತದೆ. ನಿಮಿಷಕ್ಕೊಂದರಂತೆ ಒಂದು ಸಂಖ್ಯೆ ಸಿಗುತ್ತದೆ. ಒಂದು ನಿಮಿಷವನ್ನು ನಿದ್ರೆ ಎನ್ನಬೇಕೋ ಎಚ್ಚರ ಎನ್ನಬೇಕೋ? ಆ ನಿಮಿಷವೊಂದನ್ನೇ ನೋಡಿದರೆ ಸಾಲದು. ನಿದ್ರೆಯಲ್ಲೂ ನಾವು ಮಗ್ಗುಲು ಬದಲಿಸುತ್ತೇವಲ್ಲ. ಆದ್ದರಿಂದ 1992ರಲ್ಲಿ ಕೋಲ್ ಮತ್ತು ಕ್ರಿಪ್ಕೆ ರೂಪಿಸಿದ ಸೂತ್ರ ಹಿಂದಿನ ನಾಲ್ಕು ನಿಮಿಷ, ಈಗಿನ ನಿಮಿಷ ಮತ್ತು ಮುಂದಿನ ಎರಡು ನಿಮಿಷ ಇವೆಲ್ಲಕ್ಕೂ ಬೇರೆ ಬೇರೆ ತೂಕ ಕೊಟ್ಟು ಕೂಡುತ್ತದೆ. ಮೊತ್ತ ಒಂದು ಮಿತಿಗಿಂತ ಕಡಿಮೆಯಿದ್ದರೆ ನಿದ್ರೆ, ಹೆಚ್ಚಿದ್ದರೆ ಎಚ್ಚರ. 1994ರಲ್ಲಿ ಇಸ್ರೇಲಿನ ಅವಿ ಸಾದೇ ಮತ್ತು ಸಂಗಡಿಗರು ಹದಿಹರೆಯದವರನ್ನೂ ಸೇರಿಸಿಕೊಂಡು ಇಂಥದೇ ಇನ್ನೊಂದು ಸೂತ್ರ ಕೊಟ್ಟರು. ಇಂದಿಗೂ ಸಂಶೋಧನೆಯಲ್ಲಿ ಬಳಕೆಯಾಗುವ ಸೂತ್ರಗಳು ಇವೇ.

ಇಲ್ಲಿ ಸ್ವಲ್ಪ ನಿಲ್ಲೋಣ. ಉಪಕರಣ ಅಳೆಯುತ್ತಿರುವುದು ಚಲನೆಯನ್ನು, ನಿದ್ರೆಯನ್ನಲ್ಲ. ನಾಳಿನ ಪಂದ್ಯದ ಚಿಂತೆಯಲ್ಲಿ ಸೂರು ನೋಡುತ್ತ ಅಲುಗಾಡದೆ ಮಲಗಿದ ಹುಡುಗ ಅದರ ಪಾಲಿಗೆ ನಿದ್ರಿಸುತ್ತಿದ್ದಾನೆ. ಹಾಗಾದರೆ ಆ ತೊಂಬತ್ತು ಚಿಲ್ಲರೆ ಶೇಕಡಾ ಬಂದದ್ದು ಹೇಗೆ? ಒಂದು ಲೆಕ್ಕ ಮಾಡಿ. ಒಬ್ಬ ಎಂಟು ಗಂಟೆ, ಎಂದರೆ 480 ನಿಮಿಷ ಮಲಗಿ, ಅದರಲ್ಲಿ 420 ನಿಮಿಷ ನಿದ್ರಿಸಿದ ಎನ್ನೋಣ. ಏನನ್ನೂ ಅಳೆಯದೆ ಎಲ್ಲ ನಿಮಿಷಕ್ಕೂ ಕಣ್ಣು ಮುಚ್ಚಿ ‘ನಿದ್ರೆ’ ಎಂದು ಬರೆಯುವ ಯಂತ್ರವೂ ಶೇಕಡಾ 87.5ರಷ್ಟು ಸರಿ! 2013ರಲ್ಲಿ ಅಮೆರಿಕದ ಮರೀನೊ ಮತ್ತು ಸಂಗಡಿಗರು ಎರಡು ಲಕ್ಷಕ್ಕೂ ಹೆಚ್ಚು ಅರೆನಿಮಿಷಗಳನ್ನು ಇಇಜಿಯೊಂದಿಗೆ ಹೋಲಿಸಿದರು. ನಿಜವಾದ ನಿದ್ರೆಯನ್ನು ಆಕ್ಟಿಗ್ರಾಫ್ ಶೇಕಡಾ 97ರಷ್ಟು ಗುರುತಿಸಿತ್ತು. ನಿಜವಾದ ಎಚ್ಚರವನ್ನು ಗುರುತಿಸಿದ್ದು ಶೇಕಡಾ 33ರಷ್ಟು ಮಾತ್ರ. ಈ ಎರಡು ಸಂಖ್ಯೆಗಳನ್ನು ನೆನಪಿನಲ್ಲಿಡಿ.

ಇಷ್ಟಾದರೂ ಮನೆಯ ನಿದ್ರೆಯನ್ನು ದಿನಗಟ್ಟಲೆ ಹಿಂಬಾಲಿಸಲು ಇದಕ್ಕಿಂತ ಉತ್ತಮ ಸಾಧನ ಇರಲಿಲ್ಲ. ಸ್ಟ್ಯಾನ್‌ಫರ್ಡ್ ಬಿಟ್ಟು ರೋಡ್ ಐಲೆಂಡ್ ರಾಜ್ಯಕ್ಕೆ ಬಂದಿದ್ದ ಕಾರ್ಸ್‌ಕಡನ್ ಶಾಲಾ ಮಕ್ಕಳ ಕೈಗೆ ಆಕ್ಟಿಗ್ರಾಫ್ ಕಟ್ಟಿ 1998ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಒಂಬತ್ತನೆಯ ತರಗತಿಯಲ್ಲಿ ಅವರ ಶಾಲೆ 8.25ಕ್ಕೆ ಆರಂಭವಾಗುತ್ತಿತ್ತು, ಹತ್ತನೆಯ ತರಗತಿಗೆ ಹೋದಾಗ 7.20ಕ್ಕೆ. ಶಾಲೆ ಬೇಗ ಶುರುವಾದರೆ ಮಕ್ಕಳು ಬೇಗ ಮಲಗಬೇಕಲ್ಲವೇ? ಮಲಗಲಿಲ್ಲ. ಪ್ರೌಢಾವಸ್ಥೆಯಲ್ಲಿ ಜೈವಿಕ ಗಡಿಯಾರ ಹಿಂದೆ ಬೀಳುತ್ತದೆ, ನಿದ್ರೆಯ ಹೊತ್ತನ್ನು ಸೂಚಿಸುವ ಮೆಲಟೋನಿನ್ ಹಾರ್ಮೋನು ರಾತ್ರಿ ತಡವಾಗಿ ಏರುತ್ತದೆ. ಹತ್ತನೆಯ ತರಗತಿಯ ಸುಮಾರು ಅರ್ಧದಷ್ಟು ಮಕ್ಕಳು ಬೆಳಗಿನ ಕಿರುನಿದ್ರೆಯ ಪರೀಕ್ಷೆಯಲ್ಲಿ ನೇರವಾಗಿ ರೆಮ್ ಹಂತಕ್ಕೇ ಜಾರಿದರು. ಅವರು ಶಾಲೆಯಲ್ಲಿದ್ದರೂ ಅವರ ಮಿದುಳಿಗೆ ಅದು ಇನ್ನೂ ರಾತ್ರಿ.

ಈಗ ಕ್ರೀಡಾಪಟುಗಳ ವಿಷಯಕ್ಕೆ ಬರೋಣ. 2010ರಲ್ಲಿ ಸ್ವಿಟ್ಜರ್ಲೆಂಡಿನ ಸರ್ಜ್ ಬ್ರಾಂಡ್ ಮತ್ತು ಸಂಗಡಿಗರು 434 ಹದಿಹರೆಯದವರನ್ನು ಅಧ್ಯಯನ ಮಾಡಿದರು. ಅವರಲ್ಲಿ 258 ಮಂದಿ ವಾರಕ್ಕೆ ಸರಾಸರಿ ಹದಿನೇಳೂವರೆ ಗಂಟೆಗೂ ಹೆಚ್ಚು ಅಭ್ಯಾಸ ಮಾಡುವ ಕ್ರೀಡಾಪಟುಗಳು. ಉಳಿದ 176 ಮಂದಿಗೆ ವಾರಕ್ಕೆ ಐದು ಗಂಟೆಗಿಂತ ಕಡಿಮೆ ವ್ಯಾಯಾಮ. ಏಳು ದಿನ ನಿದ್ರೆಯ ದಿನಚರಿ ಬರೆಯಬೇಕು. ಫಲಿತಾಂಶ ನೀವು ಊಹಿಸಿದ್ದೇ: ಕ್ರೀಡಾಪಟುಗಳು ಬೇಗ ನಿದ್ರೆ ಹೋಗುತ್ತಾರೆ, ಕಡಿಮೆ ಬಾರಿ ಏಳುತ್ತಾರೆ, ಬೆಳಿಗ್ಗೆ ಹೆಚ್ಚು ಲವಲವಿಕೆಯಿಂದ ಇರುತ್ತಾರೆ. ಆದರೆ ಇದೆಲ್ಲ ಅವರವರೇ ಬರೆದುಕೊಟ್ಟ ಲೆಕ್ಕ.

ಎರಡು ವರ್ಷಗಳ ನಂತರ, 2012ರಲ್ಲಿ, ಬ್ರಿಟನ್ನಿನ ಲೀಡರ್ ಮತ್ತು ಸಂಗಡಿಗರು ಒಲಿಂಪಿಕ್ ಕ್ರೀಡೆಗಳ ನಲವತ್ತಕ್ಕೂ ಹೆಚ್ಚು ಉನ್ನತ ಮಟ್ಟದ ಕ್ರೀಡಾಪಟುಗಳಿಗೆ ಮತ್ತು ಆಟವಾಡದ 20 ಮಂದಿಗೆ ನಾಲ್ಕು ರಾತ್ರಿ ಆಕ್ಟಿಗ್ರಾಫ್ ಕಟ್ಟಿದರು. ಇವರು ಹದಿಹರೆಯದ ವಿದ್ಯಾರ್ಥಿಗಳಲ್ಲ ಎಂಬುದನ್ನು ಮರೆಯಬಾರದು. ಆದರೂ ಚಿತ್ರ ತಲೆಕೆಳಗಾಗಿತ್ತು. ಕ್ರೀಡಾಪಟುಗಳು ಹಾಸಿಗೆಯಲ್ಲಿ ಕಳೆದದ್ದು ಸರಾಸರಿ 8 ಗಂಟೆ 36 ನಿಮಿಷ, ಇತರರು 8 ಗಂಟೆ 7 ನಿಮಿಷ. ನಿದ್ರಿಸಿದ್ದು ಮಾತ್ರ ಕ್ರಮವಾಗಿ 6 ಗಂಟೆ 55 ನಿಮಿಷ ಮತ್ತು 7 ಗಂಟೆ 11 ನಿಮಿಷ. ನಿದ್ರೆ ಹತ್ತಲು ಕ್ರೀಡಾಪಟುಗಳಿಗೆ 18 ನಿಮಿಷ ಬೇಕಾದರೆ ಇತರರಿಗೆ 5 ನಿಮಿಷ ಸಾಕಾಗಿತ್ತು. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ಗಾದೆ ನೆನಪಾಗುತ್ತದೆ. ಒಲಿಂಪಿಕ್ ಪದಕದ ಚಿಂತೆ ಸಣ್ಣದಲ್ಲ.

ಯಾವುದನ್ನು ನಂಬುವುದು? ಯಂತ್ರದ ಮಾತೇ ಸತ್ಯ, ಮನುಷ್ಯನ ಮಾತು ಸುಳ್ಳು ಎಂದು ತೀರ್ಮಾನಿಸುವುದು ಆತುರವಾದೀತು. ನಿದ್ರೆಯ ಅವಧಿಯಲ್ಲಿ ಎರಡು ಗುಂಪುಗಳ ಅಂತರ ಹದಿನಾರೇ ನಿಮಿಷ. ಎಲ್ಲರ ಕೈಯಲ್ಲೂ ಒಂದೇ ಉಪಕರಣವಿದ್ದರೆ ಅದರ ದೋಷ ಎರಡೂ ಕಡೆ ಒಂದೇ ರೀತಿ ಇರುತ್ತದೆ, ಹೋಲಿಕೆಗೆ ಧಕ್ಕೆಯಿಲ್ಲ ಎಂದು ನೀವು ವಾದಿಸಬಹುದು. ಒಳ್ಳೆಯ ವಾದವೇ. ಆದರೆ ನೋಯುವ ಕಾಲುಗಳಿಂದಾಗಿ ನಿದ್ರೆಯಲ್ಲೇ ಹೆಚ್ಚು ಹೊರಳುವವನ ನಿದ್ರೆಯನ್ನು ಉಪಕರಣ ಎಚ್ಚರವೆಂದು ಬರೆದುಕೊಂಡರೆ? ಆಗ ದೋಷ ಒಂದು ಗುಂಪಿನ ಕಡೆಗೇ ವಾಲುತ್ತದೆ. ಈ ಅನುಮಾನ ಸಂಶೋಧಕರಿಗೂ ಇತ್ತು. ಚಲನೆಯ ಮಿತಿಯನ್ನು ಎಲ್ಲಿಡಬೇಕು ಎಂಬುದನ್ನು ನಿರ್ಧರಿಸಲು ಆಸ್ಟ್ರೇಲಿಯದ ಚಾರ್ಲಿ ಸಾರ್ಜೆಂಟ್ ಮತ್ತು ಸಂಗಡಿಗರು ಸೈಕಲ್ ಪಟುಗಳ ಮೇಲೆ ಪಾಲಿಸಾಮ್ನೋಗ್ರಫಿಯನ್ನೂ ಆಕ್ಟಿಗ್ರಾಫನ್ನೂ ಒಟ್ಟಿಗೆ ನಡೆಸಿ 2016ರಲ್ಲಿ ವರದಿ ಮಾಡಿದರು. ಮಿತಿ ಬದಲಾದಂತೆ ಉತ್ತರವೂ ಬದಲಾಗುತ್ತಿತ್ತು.

ಈ ನಡುವೆ ಉಪಕರಣ ಪ್ರಯೋಗಾಲಯದಿಂದ ಅಂಗಡಿಗೆ ಬಂದಿತ್ತು. 2007ರಲ್ಲಿ ಸ್ಥಾಪನೆಯಾದ ಕಂಪನಿಯ ಮೊದಲ ಫಿಟ್‌ಬಿಟ್ 2009ರ ಕೊನೆಯಲ್ಲಿ ಗ್ರಾಹಕರ ಕೈ ಸೇರಿತು. ನಂತರ ಹಸಿರು ಬೆಳಕನ್ನು ಚರ್ಮಕ್ಕೆ ಹಾಯಿಸಿ ನಾಡಿಬಡಿತ ಎಣಿಸುವ ಪಟ್ಟಿಗಳೂ ಉಂಗುರಗಳೂ ಬಂದವು. ಬೆಳಿಗ್ಗೆ ಫೋನ್ ತೆರೆದರೆ ‘ನಿಮ್ಮ ನಿದ್ರೆಗೆ 78 ಅಂಕ’ ಎಂಬ ತೀರ್ಪು ಸಿದ್ಧ. 2015ರಲ್ಲಿ ಲಿಸಾ ಮೆಲ್ಟ್‌ಜರ್ ಮತ್ತು ಸಂಗಡಿಗರು 3ರಿಂದ 17 ವರ್ಷದ 63 ಮಕ್ಕಳಿಗೆ ಪಾಲಿಸಾಮ್ನೋಗ್ರಫಿಯ ಜೊತೆಗೆ ಆಗಿನ ಫಿಟ್‌ಬಿಟ್ ಒಂದನ್ನು ಕಟ್ಟಿದರು. ಅದರಲ್ಲಿ ಎರಡು ಆಯ್ಕೆಗಳಿದ್ದವು. ಸಾಮಾನ್ಯ ಆಯ್ಕೆಯಲ್ಲಿ ಅದು ನಿದ್ರೆಯನ್ನು 41 ನಿಮಿಷ ಹೆಚ್ಚು ತೋರಿಸಿತು. ಸೂಕ್ಷ್ಮ ಆಯ್ಕೆಯಲ್ಲಿ 105 ನಿಮಿಷ ಕಡಿಮೆ ತೋರಿಸಿತು. ಅದೇ ಪಟ್ಟಿ, ಅದೇ ಮಗು, ಅದೇ ರಾತ್ರಿ! ಹದಿನಾರು ನಿಮಿಷದ ಅಂತರವನ್ನು ಇಂಥ ಪಟ್ಟಿಯಿಂದ ಹಿಡಿಯಲು ಹೊರಡುವುದು ಲಾರಿ ತೂಗುವ ಯಂತ್ರದಲ್ಲಿ ಚಿನ್ನ ತೂಗಿದಂತೆ. ಇಂದಿನ ಪಟ್ಟಿಗಳು ಅದಕ್ಕಿಂತ ಸುಧಾರಿಸಿವೆ. ಆದರೂ ಅಂಕಗಳ ಮೇಲಿನ ಚಿಂತೆಯಿಂದಲೇ ನಿದ್ರೆಗೆಡುವವರನ್ನು ಕಂಡು ಷಿಕಾಗೋದ ವೈದ್ಯಕೀಯ ಸಂಶೋಧಕರು 2017ರಲ್ಲಿ ಈ ಹೊಸ ಕಾಟಕ್ಕೆ ‘ಆರ್ಥೋಸಾಮ್ನಿಯ’ ಎಂದು ಹೆಸರಿಟ್ಟರು.

ಹಾಗಾದರೆ ಮಣಿಕಟ್ಟಿನ ಲೆಕ್ಕ ಪ್ರಯೋಜನಕ್ಕಿಲ್ಲವೇ? ಇದೆ, ಬಹಳವೇ ಇದೆ. ಆದರೆ ಪ್ರಶ್ನೆಯನ್ನು ಸ್ವಲ್ಪ ಬದಲಿಸಬೇಕು. ಕ್ರೀಡಾಪಟುವನ್ನು ಇನ್ನೊಬ್ಬನೊಂದಿಗೆ ಹೋಲಿಸುವ ಬದಲು ಅವನನ್ನು ಅವನೊಂದಿಗೇ ಹೋಲಿಸಿದರೆ? 2008ರ ಒಲಿಂಪಿಕ್ಸ್‌ಗೆ ತಯಾರಾಗುತ್ತಿದ್ದ ಆಸ್ಟ್ರೇಲಿಯದ ಏಳು ಈಜುಗಾರರನ್ನು ಸಾರ್ಜೆಂಟ್ ಮತ್ತು ಸಂಗಡಿಗರು ಹದಿನಾಲ್ಕು ದಿನ ಹೀಗೆ ಗಮನಿಸಿ 2014ರಲ್ಲಿ ಪ್ರಕಟಿಸಿದರು. ಬೆಳಿಗ್ಗೆ ಆರಕ್ಕೆ ಅಭ್ಯಾಸವಿದ್ದಾಗ ಅವರು ಹಿಂದಿನ ರಾತ್ರಿ ಸರಾಸರಿ 10.05ಕ್ಕೆ ಮಲಗಿ 5.48ಕ್ಕೆ ಎದ್ದು 5.4 ಗಂಟೆ ನಿದ್ರಿಸಿದ್ದರು. ಬಿಡುವಿನ ದಿನಕ್ಕೆ ಮುಂಚಿನ ರಾತ್ರಿ 12.32ಕ್ಕೆ ಮಲಗಿ 9.47ಕ್ಕೆ ಎದ್ದು 7.1 ಗಂಟೆ ನಿದ್ರಿಸಿದ್ದರು. ಅಂತರ ನೂರು ನಿಮಿಷ. ಅದೇ ಕೈ, ಅದೇ ಉಪಕರಣ, ಅದೇ ನೋಯುವ ಮೈ. ಇಲ್ಲಿ ದೋಷ ಒಂದು ಕಡೆಗೆ ವಾಲಲು ಎಡೆ ಕಡಿಮೆ.

ಇನ್ನೊಂದು ಸಂಗತಿ ಗಮನಿಸಿದಿರಾ? ಅಭ್ಯಾಸದ ಹಿಂದಿನ ರಾತ್ರಿ ಅವರು ಎರಡೂವರೆ ಗಂಟೆಯಷ್ಟು ಬೇಗ ಹಾಸಿಗೆ ಸೇರಿಯೂ ನಿದ್ರೆ ಕೈಗೂಡಲಿಲ್ಲ. ಆಟವೇ ನಿದ್ರೆಯನ್ನು ಕೆಡಿಸುತ್ತದೆ ಎನ್ನುವುದಕ್ಕಿಂತ ಆಟದ ವೇಳಾಪಟ್ಟಿ ಕೆಡಿಸುತ್ತದೆ ಎನ್ನುವುದು ಈ ಲೆಕ್ಕಕ್ಕೆ ಹೆಚ್ಚು ಹೊಂದುತ್ತದೆ. ಇವರು ವಯಸ್ಕರು. ಜೈವಿಕ ಗಡಿಯಾರವೇ ಹಿಂದೆ ಬಿದ್ದಿರುವ ಹದಿನಾರರ ಹುಡುಗಿಗೆ ‘ಬೇಗ ಮಲಗು, ಬೇಗ ಏಳು’ ಎನ್ನುವುದು ಇನ್ನೂ ಕಷ್ಟದ ಆಜ್ಞೆ.

ನಷ್ಟವೇನು ಎಂದು ಕೇಳುವ ತರಬೇತುದಾರರಿಗೆ ಎರಡು ಅಧ್ಯಯನಗಳಿವೆ. ಲಾಸ್ ಏಂಜಲೀಸ್‌ನಲ್ಲಿ ಮಿಲೆವ್‌ಸ್ಕಿ ಮತ್ತು ಸಂಗಡಿಗರು 112 ಶಾಲಾ ಕ್ರೀಡಾಪಟುಗಳನ್ನು ಪರಿಶೀಲಿಸಿ 2014ರಲ್ಲಿ ವರದಿ ಮಾಡಿದಂತೆ, ಎಂಟು ಗಂಟೆಗಿಂತ ಕಡಿಮೆ ನಿದ್ರಿಸುವವರಿಗೆ ಗಾಯವಾಗುವ ಸಂಭವ ಉಳಿದವರ 1.7 ಪಟ್ಟು. ಇದು ಮಕ್ಕಳು ಹೇಳಿದ ನಿದ್ರೆಯ ಲೆಕ್ಕವೇ ಹೊರತು ಅಳೆದದ್ದಲ್ಲ. ಕಡಿಮೆ ನಿದ್ರೆಯೇ ಗಾಯಕ್ಕೆ ಕಾರಣ ಎಂದು ಇದರಿಂದ ಸಾಧಿಸಲಾಗದು. ಇನ್ನೊಂದು, ಸ್ಟ್ಯಾನ್‌ಫರ್ಡ್‌ನ ಶೆರಿ ಮಾ ಮತ್ತು ಸಂಗಡಿಗರದು. ಕಾಲೇಜು ತಂಡದ 11 ಬ್ಯಾಸ್ಕೆಟ್‌ಬಾಲ್ ಆಟಗಾರರಿಗೆ ಐದರಿಂದ ಏಳು ವಾರ, ದಿನಕ್ಕೆ ಕನಿಷ್ಠ ಹತ್ತು ಗಂಟೆ ಹಾಸಿಗೆಯಲ್ಲಿರುವಂತೆ ಹೇಳಿದರು. ಆಕ್ಟಿಗ್ರಾಫ್ ಪ್ರಕಾರ ನಿದ್ರೆ 110 ನಿಮಿಷದಷ್ಟು ಹೆಚ್ಚಿತು. ಓಟದ ಪರೀಕ್ಷೆಯ ಸಮಯ 16.2 ಸೆಕೆಂಡಿನಿಂದ 15.5ಕ್ಕೆ ಇಳಿಯಿತು, ಫ್ರೀ ಥ್ರೋ ಗುರಿ ಶೇಕಡಾ 9ರಷ್ಟು ಸುಧಾರಿಸಿತು. 2011ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಹೋಲಿಕೆಗೆ ಬೇರೆ ಗುಂಪು ಇರಲಿಲ್ಲ; ಅಭ್ಯಾಸದಿಂದಲೂ ಆಟ ಸುಧಾರಿಸಿರಬಹುದು. ಆದರೂ ಇದೇ ಆಟಗಾರರನ್ನು ಅವರೊಂದಿಗೇ ಹೋಲಿಸಿದ ಲೆಕ್ಕ ಎಂಬುದು ಇದರ ಬಲ.

ಶಾಲೆಗಳ ಕಡೆಯಿಂದಲೂ ಮಣಿಕಟ್ಟಿನ ಸಾಕ್ಷ್ಯ ಬಂತು. 2016ರಲ್ಲಿ ಅಮೆರಿಕದ ಸಿಯಾಟಲ್ ನಗರ ಪ್ರೌಢಶಾಲೆಗಳ ಆರಂಭವನ್ನು 7.50ರಿಂದ 8.45ಕ್ಕೆ ಮುಂದೂಡಿತು. ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಬದಲಾವಣೆಯ ಮುಂಚೆ ಒಂದು ವರ್ಷದ ಮಕ್ಕಳಿಗೆ, ನಂತರ ಇನ್ನೊಂದು ವರ್ಷದ ಮಕ್ಕಳಿಗೆ ಎರಡೆರಡು ವಾರ ಚಲನಮಾಪಕ ಕಟ್ಟಿದರು. ನಿದ್ರೆ 34 ನಿಮಿಷ ಹೆಚ್ಚಿತ್ತು. ತಡವಾಗಿ ಶುರುವಾದರೆ ಮಕ್ಕಳು ಅಷ್ಟೇ ತಡವಾಗಿ ಮಲಗುತ್ತಾರೆ ಎಂಬ ಆಕ್ಷೇಪಕ್ಕೆ ಇದು ಉತ್ತರವಾಯಿತು. ಕ್ಯಾಲಿಫೋರ್ನಿಯ 2019ರಲ್ಲಿ ಕಾನೂನನ್ನೇ ಮಾಡಿ, 2022ರಿಂದ ಬಹುತೇಕ ಪ್ರೌಢಶಾಲೆಗಳು 8.30ಕ್ಕಿಂತ ಮುಂಚೆ ಆರಂಭವಾಗದಂತೆ ಮಾಡಿತು. ಇಂಥ ಚರ್ಚೆಗಳಲ್ಲಿ ಪದೇ ಪದೇ ಕೇಳಿಬರುವ ವಿರೋಧ ಮೈದಾನದ ಕಡೆಯಿಂದಲೇ: ಶಾಲೆ ತಡವಾಗಿ ಬಿಟ್ಟರೆ ಸಂಜೆಯ ಅಭ್ಯಾಸಕ್ಕೆ ಬೆಳಕು ಸಾಲದು ಎಂದು.

ನಿಮ್ಮ ಮನೆಯಲ್ಲೂ ನಸುಕಿನಲ್ಲಿ ಅಭ್ಯಾಸಕ್ಕೆ ಹೋಗುವವರು ಇರಬಹುದು. ಕೈಪಟ್ಟಿ ಇದ್ದರೆ ಅದರ ಅಂಕವನ್ನೂ ‘ಗಾಢ ನಿದ್ರೆ’ಯ ಬಣ್ಣದ ಗೆರೆಗಳನ್ನೂ ಸದ್ಯಕ್ಕೆ ಬದಿಗಿಡಿ. ಎರಡು ವಾರ ಅದೇ ಪಟ್ಟಿಯನ್ನು ಅದೇ ಕೈಗೆ ಕಟ್ಟಿ, ಆಯ್ಕೆಗಳನ್ನು ಬದಲಿಸದೆ, ಅಭ್ಯಾಸವಿದ್ದ ದಿನಗಳ ನಿದ್ರೆಯನ್ನು ಒಂದು ಸಾಲಿನಲ್ಲಿ, ಬಿಡುವಿನ ದಿನಗಳದನ್ನು ಇನ್ನೊಂದು ಸಾಲಿನಲ್ಲಿ ಬರೆಯಿರಿ. ಪಕ್ಕದ ಮನೆಯವರ ಲೆಕ್ಕ ಬೇಡ. ಪಟ್ಟಿ ಇಲ್ಲದಿದ್ದರೆ ಮಲಗಿದ ಮತ್ತು ಎದ್ದ ಹೊತ್ತನ್ನು ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡರೂ ಆದೀತು. ಆಸ್ಟ್ರೇಲಿಯದ ಆ ಏಳು ಈಜುಗಾರರೂ ಕೈಯ ಪಟ್ಟಿಯ ಜೊತೆಗೆ ಅಂಥದೊಂದು ದಿನಚರಿ ಬರೆಯುತ್ತಿದ್ದರು.